ಕಾಳಪ್ಪನ ಅಚ್ಚು

ನದಿ ದಂಡೆಯಲ್ಲಿ ಮೌನೇಶಾಚಾರಿ ಅನ್ನೋ ಗುರುಗಳದ್ದೊಂದು ಆಶ್ರಮ. ಅಲ್ಲಿ ಜಪಕ್ಕಿಂತ ಉಕ್ಕು ಉಜ್ಜುವ ಅರದ ಸದ್ದೇ ಜಾಸ್ತಿ. ಗುರುಗಳು ಕಲಿಸುತ್ತಿದ್ದದ್ದು ಉಕ್ಕಿನ ಅಚ್ಚು ಮಾಡೋದನ್ನು. ಆ ಅಚ್ಚಿಗೆ ಕರಗಿದ ಅಲ್ಯೂಮಿನಿಯಂ ನುಗ್ಗಿಸಿದರೆ ನೀರೆತ್ತುವ ಪಂಪಿನ ಮುಚ್ಚಳ ಬೀಳುತ್ತಿತ್ತು.

ಏಳು ವರ್ಷ ಕಲಿತ ಮೇಲೆ ಶಿಷ್ಯ ಕಾಳಪ್ಪನಿಗೆ ತನ್ನದೇ ಒಂದು ಅಚ್ಚು ಮಾಡಲು ಅಪ್ಪಣೆ ಸಿಕ್ಕಿತು.

"ಬಿರುಕು ಬಿಡದೆ ಹತ್ತು ಸಾವಿರ ಮುಚ್ಚಳ ಕೊಡಲಿ," ಅಂದರು ಗುರುಗಳು. "ಅವತ್ತು ನೀನು ಮೇಸ್ತ್ರಿ. ಅಚ್ಚಿನ ಬೆನ್ನ ಮೇಲೆ ನಿನ್ನ ಹೆಸರು ಕೆತ್ತಿಕೋ."

"ಬೆನ್ನ ಮೇಲೆ ಕೆತ್ತಿದರೆ ಯಾರು ನೋಡ್ತಾರೆ ಗುರುಗಳೆ?"

"ಅಚ್ಚಿಗೆ ಗೊತ್ತಿರುತ್ತೆ."

ಈ ಮಾತು ಕಾಳಪ್ಪನ ಗಂಟಲಲ್ಲಿ ಇಳಿಯಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಕನ್ನಡಿ ಮುಂದಿಟ್ಟುಕೊಂಡು, ಅಚ್ಚಿನ ಮುಖದ ಮೇಲೇ ತನ್ನ ಹೆಸರನ್ನು ಉಲ್ಟಾ ಕೆತ್ತಿದ. ಇನ್ನು ಬೀಳುವ ಮುಚ್ಚಳಕ್ಕೆಲ್ಲ ಅವನದೇ ಹೆಸರು. ಊರೂರಿನ ಬಾವಿಗೂ ಕಾಳಪ್ಪ.

ಒಂದು ಕೆಲಸ ಬಾಕಿಯಿತ್ತು. ಅಮೋನಿಯಾ ತುಂಬಿದ ಕುಲುಮೆಯಲ್ಲಿ ಕಾಯಿಸಿದರೆ ಉಕ್ಕಿಗೆ ತೆಳ್ಳಗೆ ಒಂದು ಗಟ್ಟಿ ಚರ್ಮ ಬರುತ್ತದೆ. ಹತ್ತು ಗಂಟೆ ಸಾಕು ಅಂದಿದ್ದರು ಗುರುಗಳು. ಕಾಳಪ್ಪ ಎರಡು ದಿನ ಬಿಟ್ಟ. ಹತ್ತು ಗಂಟೆಗೇ ಗಟ್ಟಿಯಾಗುವುದು ಎರಡು ದಿನಕ್ಕೆ ವಜ್ರವೇ ಆಗಬೇಕಲ್ಲ.

ಮೊದಲ ಮುಚ್ಚಳ ಬಿದ್ದಾಗ ಗುರುಗಳು ಎತ್ತಿ ನೋಡಿದರು. ಹೆಸರು ಓದಿದರು. ಕೆಳಗಿಟ್ಟು ತಮ್ಮ ಕೆಲಸಕ್ಕೆ ಹೋದರು.

ಗೆದ್ದೆ ಅಂದುಕೊಂಡ ಕಾಳಪ್ಪ.

ಒಂಬೈನೂರನೆಯ ಮುಚ್ಚಳದ ಮೇಲೆ ಕೂದಲೆಳೆಯಂಥ ಗೆರೆಗಳು ಎದ್ದಿದ್ದವು. ಅಚ್ಚು ಬಿರುಕು ಬಿಟ್ಟಿತ್ತು.

"ಉಕ್ಕೇ ಸರಿ ಇರಲಿಲ್ಲ ಗುರುಗಳೆ. ನಾನಂತೂ ಹೇಳಿದ್ದಕ್ಕಿಂತ ಜಾಸ್ತಿನೇ ಗಟ್ಟಿ ಮಾಡಿದ್ದೆ."

ಗುರುಗಳು ಅವನನ್ನು ನದಿಗೆ ಕರೆದೊಯ್ದರು.

"ಕೈ ಚಾಚು."

ಎಡ ಅಂಗೈಗೆ ಮಣ್ಣನ್ನು ತೆಳ್ಳಗೆ ಸವರಿದರು. ಬಲ ಅಂಗೈಗೆ ರೊಟ್ಟಿ ದಪ್ಪ ಮೆತ್ತಿದರು.

"ಒಣಗೋವರೆಗೆ ಕೂತಿರು."

ಕಾಳಪ್ಪ ಬಿಸಿಲಲ್ಲಿ ಕೂತ. ಮೂಗು ತುರಿಸಿತು. ತುರಿಸಿಕೊಳ್ಳುವ ಹಾಗಿಲ್ಲ. ಜೊತೆಗೆ ಕಲಿಯುತ್ತಿದ್ದ ದ್ಯಾಮವ್ವ ನೀರು ತುಂಬಲು ಬಂದವಳು ನಿಂತು ನೋಡಿದಳು.

"ಮದರಂಗಿ ಚೆನ್ನಾಗಿದೆ ಕಾಳಪ್ಪಣ್ಣ. ಮದುವೆ ಯಾವಾಗ?"

ಕಾಳಪ್ಪ ಮುಖವನ್ನು ನದಿ ಕಡೆ ತಿರುಗಿಸಿಕೊಂಡ.

ಮಣ್ಣು ಒಣಗಿತು. "ಮುಷ್ಟಿ ಕಟ್ಟು," ಅಂದರು ಗುರುಗಳು.

ಎಡಗೈಯ ಮಣ್ಣು ಕೈ ಜೊತೆಗೇ ಮಡಚಿಕೊಂಡಿತು. ಬಲಗೈಯದು ಚಟಚಟ ಬಿರಿಯಿತು.

"ಯಾಕೆ?"

"ದಪ್ಪ ಇತ್ತು. ಕೈ ಮಡಚಿದ ಹಾಗೆ ಅದಕ್ಕೆ ಮಡಚೋಕೆ ಬರಲಿಲ್ಲ."

"ಅಚ್ಚು ಒಂದೊಂದು ಮುಚ್ಚಳಕ್ಕೂ ಕಾದು ಹಿಗ್ಗುತ್ತೆ, ತಣಿದು ಕುಗ್ಗುತ್ತೆ. ನಿನ್ನ ಎರಡು ದಿನದ ಚರ್ಮ ಏನು ಮಾಡಬೇಕು?"

"ಬಿರಿಯಲೇಬೇಕು," ಅಂದ ಕಾಳಪ್ಪ.

"ಮೊದಲು ಎಲ್ಲಿ ಬಿರಿಯಿತು ನೋಡು."

ನೋಡಿದ. ಅಂಗೈಯಲ್ಲಿ ಗೆರೆ ಇದ್ದ ಕಡೆಯೇ ಬಿರಿದಿತ್ತು. ಬೇರೆಲ್ಲೂ ಅಲ್ಲ.

ಮಣ್ಣುಗೈಯಲ್ಲೇ ಎದ್ದು ಓಡಿದ. ಅಚ್ಚಿನ ಮೇಲೆ ಬಗ್ಗಿದ. ಎಲ್ಲಕ್ಕಿಂತ ಉದ್ದದ ಬಿರುಕು ಅವನ ಹೆಸರಿನ ಕೊನೆಯ ಅಕ್ಷರದಿಂದ ಹೊರಟಿತ್ತು, ಉಳಿ ಚೂಪಾಗಿ ಇಳಿದಿದ್ದ ಜಾಗದಿಂದ.

ಹಿಂದೆ ಗುರುಗಳು ಬಂದು ನಿಂತಿದ್ದರು.

"ನಿಮಗೆ ಮೊದಲ ದಿನವೇ ಗೊತ್ತಿತ್ತು."

"ಓದೋಕೆ ಬರುತ್ತಪ್ಪ ನನಗೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಬೆನ್ನ ಮೇಲೆ ಅಂತ."

"ಹಾಗಾದರೆ ನನ್ನ ಏಳು ವರ್ಷ ಹೋದ ಹಾಗೇನಾ?"

ಗುರುಗಳು ಬಿರುಕಿನ ಮೇಲೆ ಉಗುರು ಎಳೆದರು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಇನ್ನೂ ಚರ್ಮದಲ್ಲೇ ಇದೆ," ಅಂದು ಅವನ ಕೈಗೆ ಉಜ್ಜುವ ಕಲ್ಲು ಕೊಟ್ಟರು. "ಉಜ್ಜಿ ತೆಗಿ. ಮತ್ತೆ ಹತ್ತು ಗಂಟೆ ಕಾಯಿಸು. ಮುಚ್ಚಳದ ಎಣಿಕೆ ಒಂದರಿಂದ."

"ಎಷ್ಟು ದಿನ ಉಜ್ಜಬೇಕು ಗುರುಗಳೆ?"

"ಬಿರುಕು ಬೇಗ ಹೋಗುತ್ತೆ. ಹೊತ್ತು ಹಿಡಿಯೋದು ಹೆಸರಿಗೆ."