ಪೇಟೆಂಟ್ ಪೆಟ್ಟಿಗೆಯ ಬದನೆ

ಸಂಶೋಧನಾ ಕೇಂದ್ರದ ಹೊಸಮನಿ ಸಾಹೇಬರು ಕಬ್ಬಿನ ಸಿಪ್ಪೆಯಿಂದ ಮೊಣಕಾಲೆತ್ತರದ ಪೆಟ್ಟಿಗೆ ಮಾಡಿ ಪೇಟೆಂಟ್ ಪಡೆದಿದ್ದರು. ಅದರಲ್ಲಿಟ್ಟ ಸಸಿ ನೀರಿಲ್ಲದೆಯೂ ವಾರವಿಡೀ ಬಾಡುವುದಿಲ್ಲವೆಂದು ಅವರ ಜಂಬ. ರೈತರ ಕಣ್ಣೆದುರೇ ಎರಡೆಲೆಯ ಬದನೆ ಸಸಿಯೊಂದನ್ನು ಒಳಗಿಟ್ಟು, "ಮುಂದಿನ ಸೋಮವಾರ ಬಂದು ನೋಡ್ರಿ" ಅಂದಿದ್ದರು.

ಸೋಮವಾರ ಬೆಳಿಗ್ಗೆ ಸಾಹೇಬರು ಗುಟ್ಟಾಗಿ ಮುಚ್ಚಳ ತೆಗೆದರೆ ಸಸಿ ಒಣಗಿ ಕಡ್ಡಿಯಾಗಿತ್ತು. ರೈತರು ಆಗಲೇ ಗೇಟಿನಲ್ಲಿದ್ದರು. ಸಾಹೇಬರು ಬೆವರುತ್ತ, ತೋಟಕ್ಕೆ ನೀರು ಹಾಯಿಸುವ ಕಲ್ಲವ್ವನನ್ನು ಕರೆದರು.

"ಲಗೂನ ಬ್ಯಾರೆ ಬದನಿ ಗಿಡ ತಂದು ಇದರಾಗ ಇಡು. ಬಾಯಿ ಬಿಟ್ಟೀ ಅಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ."

"ಎಂಥಾದ್ದು ಇಡ್ಲಿರೀ?"

"ಹಸರಾಗಿರೋದು ಯಾವುದಾದರೂ ಇಡು!" ಎಂದು ಸಾಹೇಬರು ಗೇಟಿನತ್ತ ಓಡಿದರು.

ಕಲ್ಲವ್ವ ಹೇಳಿದಂತೆ ಮಾಡಿದಳು.

ರೈತರೆದುರು ಸಾಹೇಬರು ಗತ್ತಿನಿಂದ ಮುಚ್ಚಳ ಎತ್ತಿದರು. ಗಿಡವೇನೋ ಹಸಿರಾಗಿಯೇ ಇತ್ತು. ಆದರೆ ಅದರ ತುಂಬ ಮುಷ್ಟಿಗಾತ್ರದ ಬದನೆಕಾಯಿ ಜೋತಾಡುತ್ತಿದ್ದವು.

ಮುದುಕ ರೈತನೊಬ್ಬ ಬಗ್ಗಿ ನೋಡಿ, "ಇನ್ನೆರಡು ದಿನ ಬಿಟ್ಟಿದ್ರ ಎಣ್ಣಿಗಾಯೀನೂ ಆಗಿರ್ತಿತ್ತೇನೋರೀ" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರ ಕಿವಿ ಬಿಸಿಯಾದವು. ಇಡು ಎಂದವರು ತಾವೇ. ಇನ್ನು ಬೈಯುವುದು ಯಾರನ್ನು?

ಮುದುಕ ಕಲ್ಲವ್ವನತ್ತ ತಿರುಗಿದ. "ಏನವ್ವಾ, ಇದು ಹೆಂಗಾತು?"

ಕಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ನೇನೂ ಕೇಳಬ್ಯಾಡ್ರಿ ಯಪ್ಪಾ. ಬಾಯಿ ಬಿಟ್ರ ಕೆಲಸ ಹೋಗ್ತದ ಅಂತ ಸಾಹೇಬ್ರು ಹೇಳ್ಯಾರ."

ಸಾಹೇಬರಿಗೆ ಆ ಪೆಟ್ಟಿಗೆಯೊಳಗೆ ತಾವೇ ಹೊಕ್ಕು ಮುಚ್ಚಳ ಎಳೆದುಕೊಳ್ಳಬೇಕೆನಿಸಿತು. ಆದರೆ ಅಲ್ಲಿ ಜಾಗವೆಲ್ಲಿತ್ತು? ಬದನೆಕಾಯಿ ತುಂಬಿದ್ದವು.