ಗುರುಮಲ್ಲ ಕಂಪ್ಯೂಟರ್ ನೋಡಿಕೊಂಡಿದ್ದು

ನರಸೀಪುರದಲ್ಲಿ ಗೌರಮ್ಮಣ್ಣಿ ಅಂತ ಒಬ್ಬಳು. ಮನೆ ಮುಂದಿನ ಕೋಣೇಲೇ ಮದುವೆ ಕಾರ್ಡು, ನಾಮಕರಣದ ಕಾರ್ಡು ಮಾಡಿಕೊಟ್ಟು ಜೀವನ ಮಾಡುತ್ತಿದ್ದಳು. ಅವಳಿಗೆ ಗುರುಮಲ್ಲ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ ಕೆಲಸ ಆಗಲ್ಲ ಅಂದವನೇ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ. ಅವಳ ಸಂಕಟವೂ ಅದೇ.

ಒಂದು ಬೆಳಿಗ್ಗೆ ಅವಳ ಹಳೇ ಕಂಪ್ಯೂಟರ್ ಶುರುವಾಗಲೇ ಇಲ್ಲ. ಬಟನ್ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತೆ, ಪರದೆ ಮಾತ್ರ ಕಪ್ಪು. ಹಿಟ್ಟಿನ ಮಿಲ್ಲಿನ ಕೆಂಪಸಿದ್ದಪ್ಪನ ಮೊಮ್ಮಗಳ ನಾಮಕರಣದ ಕಾರ್ಡು ಮಧ್ಯಾಹ್ನಕ್ಕೆ ಆಗಬೇಕು. ಇಲ್ಲದಿದ್ದರೆ ಆತ ಮೈಸೂರಿಗೆ ಹೋಗುತ್ತಾನೆ, ಅವನ ಹಿಂದೆ ಊರೇ ಹೋಗುತ್ತೆ.

"ಒಲೆ ಮೇಲೆ ಸಾರಿದೆ, ಬಂದೆ. ವೈರೆಲ್ಲ ಸರಿಯಾಗಿ ಕೂತಿದ್ಯಾ ನೋಡು. ಇಲ್ದಿದ್ರೆ ಕೂರಿಸು" ಅಂತ ಮಗನಿಗೆ ಹೇಳಿ ಗೌರಮ್ಮಣ್ಣಿ ಒಳಗೆ ಹೋದಳು.

ಬಂದು ನೋಡಿದರೆ ವೈರನ್ನೆಲ್ಲ ಕಿತ್ತು, ಚಾಪೆ ಹಾಸಿ, ಸಾಲಾಗಿ ಕೂರಿಸಿದ್ದ.

"ಎಲ್ಲಾ ನೇತಾಡ್ತಿದ್ವು ಕಣಮ್ಮ. ಈಗ ಕೂತಿವೆ."

"ಅಯ್ಯೋ ಪೆದ್ದ, ಯಾವುದನ್ನೂ ಕೀಳಬಾರದು ಕಣೋ. ಇದ್ದ ಜಾಗದಲ್ಲೇ ಗಟ್ಟಿಯಾಗಿ ಒತ್ತಬೇಕು."

"ಹಂಗೇ ಆಗಲಮ್ಮ."

ವೈರು ಸಿಕ್ಕಿಸಿದರೂ ಪರದೆ ಕಪ್ಪೇ. ಗೌರಮ್ಮಣ್ಣಿ ಕಂಪ್ಯೂಟರ್ ಡಬ್ಬದ ಮುಚ್ಚಳ ತೆಗೆದಳು. ಒಳಗೆ ಹತ್ತಿಯ ಹಾಗೆ ಧೂಳು. "ಈ ಧೂಳು ನೋಡ್ಕೋ" ಅಂದು ರಿಪೇರಿಯವನಿಗೆ ಫೋನ್ ಮಾಡಲು ಹೋದಳು. ಗುರುಮಲ್ಲ ಧೂಳನ್ನೆಲ್ಲ ಹೆಬ್ಬೆರಳಲ್ಲಿ ಸಂದುಸಂದಿಗೂ ಒತ್ತಿ ಒತ್ತಿ ತುಂಬಿದ.

"ಇನ್ನು ಅಲ್ಲಾಡಲ್ಲ ನೋಡಮ್ಮ."

"ಧೂಳನ್ನ ಯಾರಾದ್ರೂ ಒತ್ತುತಾರೇನೋ? ಬ್ರಶ್ಶಲ್ಲಿ ಉಜ್ಜಿ, ಬಾಯಲ್ಲಿ ಊದಿ, ಆಚೆಗೆ ಕಳಿಸಬೇಕು."

"ಹಂಗೇ ಆಗಲಮ್ಮ."

ಅವಳು ಮತ್ತೆ ಫೋನಿನ ಕಡೆ ತಿರುಗಿದಳು. ಅಷ್ಟರಲ್ಲಿ ಕೆಂಪಸಿದ್ದಪ್ಪ ಮಿಲ್ಲಿನಿಂದ ನೇರ ಬಂದ. ತಲೆಯಿಂದ ಕಾಲಿನವರೆಗೆ ರಾಗಿಹಿಟ್ಟು. ಗುರುಮಲ್ಲ ಬ್ರಶ್ ತಗೊಂಡು ಮೀಸೆ ಉಜ್ಜಿದ, ಕಿವಿಗೆ ಊದಿದ. "ಏನಪ್ಪ ಇದು" ಅನ್ನುವಷ್ಟರಲ್ಲಿ ಆತ ಬೀದಿಯಲ್ಲಿದ್ದ.

ಗೌರಮ್ಮಣ್ಣಿ ಓಡಿಹೋಗಿ ಕೈಮುಗಿದು ಕರೆತಂದಳು.

"ಮನೆಗೆ ಬಂದೋರನ್ನ ಆಚೆ ತಳ್ತಾರೇನೋ? ದೊಡ್ಡೋರಾದ್ರೆ ಕಾಫಿ, ಕೂಸಾದ್ರೆ ಹಾಲು. ಕುಡಿಸಿ, ಬಾಯಿ ಒರೆಸಿ, ಚೆನ್ನಾಗಿ ನೋಡ್ಕೋಬೇಕು."

"ಹಂಗೇ ಆಗಲಮ್ಮ."

ರಿಪೇರಿಯವನು ಫೋನಲ್ಲಿ ಹೇಳಿದ ಹಾಗೆ ಅವಳು ತಾನೇ ಧೂಳು ತೆಗೆದಳು. ಒಳಗಿನ ಮೆಮೊರಿ ಪಟ್ಟಿ ಬಿಚ್ಚಿ, ರಬ್ಬರಲ್ಲಿ ಉಜ್ಜಿ, ಮತ್ತೆ ಹಾಕಿದಳು. ಬಟನ್ ಒತ್ತಿದಳು. ಪರದೆ ಬೆಳಗಿತು. ಮಧ್ಯಾಹ್ನದೊಳಗೆ ಕಾರ್ಡೆಲ್ಲ ಅಚ್ಚಾಯಿತು. ಪರದೆ ತುಂಬ ಕಾರ್ಡಿನ ಫೋಟೋದ ಗುಂಡುಕೆನ್ನೆಯ ಮೊಮ್ಮಗಳು. ಕೆಂಪಸಿದ್ದಪ್ಪನಿಗೆ ಸಿಟ್ಟೆಲ್ಲ ಮರೆತುಹೋಯಿತು.

"ನಮ್ಮ ಕೂಸೇ ಮನೆಗೆ ಬಂದಂಗದೆ ಕಣಕ್ಕ" ಅಂದ.

ಅವನನ್ನು ಬಾಗಿಲವರೆಗೆ ಕಳಿಸಿ ಬಂದು ನೋಡುತ್ತಾಳೆ, ಪರದೆಯಿಂದ ಹಾಲು ಸುರಿಯುತ್ತಿದೆ. ಗುರುಮಲ್ಲನ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಟವೆಲ್ಲು.

"ಏನೋ ಮಾಡ್ತಿದ್ದೀಯ?"

ಅವಳು ಅಂದಿದ್ದೇ ತಡ, ಪರದೆ ಆರಿಹೋಯಿತು.

"ಮೆಲ್ಲಗಮ್ಮ" ಅಂದ ಗುರುಮಲ್ಲ. "ಈಗ ತಾನೇ ಕಣ್ಣು ಮುಚ್ಚಿದಳು." ಆ ದಪ್ಪ ಡಬ್ಬದಂಥ ಪರದೆಯನ್ನು ಹುಷಾರಾಗಿ ಎತ್ತಿ ಹೆಗಲಿಗೆ ಹಾಕಿಕೊಂಡ. ತೇಗು ಬರಲಿ ಅಂತ ಅದರ ಬೆನ್ನು ತಟ್ಟುತ್ತಾ ಅಂಗಳದಲ್ಲಿ ಓಡಾಡತೊಡಗಿದ.