ಮುಸುವ ಮಾಡಿದ ತಪ್ಪು

ಮರದ ಮೇಲಿನ ಮುಸುವ ಕೋತಿಗಳಿಗೆ ದೂರದ್ದು ಕಾಣುತ್ತಿತ್ತು. ಕೆಳಗೆ ಮೇಯುವ ಜಿಂಕೆಗಳಿಗೆ ಗಾಳಿಯಲ್ಲಿ ವಾಸನೆ ಸಿಗುತ್ತಿತ್ತು. ಸುಳ್ಳು ಕೂಗಿಗೆ ಓಡಿ ಓಡಿ ಬೇಸತ್ತ ಎರಡೂ ಹಿಂಡುಗಳು ಒಂದು ಕಟ್ಟಳೆ ಮಾಡಿಕೊಂಡವು: ಹುಲಿ ಬಂತೆಂದು ಕೂಗುವ ಮೊದಲು ಎರಡೂ ಕಡೆಯವರು ಒಪ್ಪಬೇಕು.

ಒಂದು ಮಧ್ಯಾಹ್ನ ಮುದಿ ಮುಸುವ ಹೇಳಿತು, "ಹುಲ್ಲಿನಲ್ಲಿ ಹುಲಿಯಿದೆ."

"ನಮಗಿನ್ನೂ ವಾಸನೆ ಬಂದಿಲ್ಲ, ತಾಳಿ," ಎಂದಿತು ಹಿರಿಯ ಜಿಂಕೆ. ಗಾಳಿ ಹುಲಿಯ ಕಡೆಗೆ ಬೀಸುತ್ತಿತ್ತು.

ಹುಲ್ಲು ಅಲ್ಲಾಡಿತು. ಮುಸುವ ಕಟ್ಟಳೆ ಮುರಿದು ಕಿರುಚಿತು. ಜಿಂಕೆಗಳು ಚೆದುರಿ ಓಡಿದವು. ಹುಲಿ ಬರಿಹೊಟ್ಟೆಯಲ್ಲಿ ಮರಳಿತು.

ಸಂಜೆ ಹಿರಿಯ ಜಿಂಕೆ ಕೇಳಿತು, "ನಮ್ಮ ಒಪ್ಪಿಗೆಯಿಲ್ಲದೆ ಕೂಗಿದ್ದು ತಪ್ಪಲ್ಲವೇ?"

"ತಪ್ಪೇ," ಎಂದಿತು ಮುಸುವ, ಎಂದಿನಂತೆ ಜಿಂಕೆಗಳಿಗೆ ಚಿಗುರು ಉದುರಿಸುತ್ತ. "ನಾಳೆ ನಾನು ನೆಲಕ್ಕಿಳಿದಾಗ ನಿಮಗೆ ವಾಸನೆ ಬಂದರೆ ನೀವೂ ಇದೇ ತಪ್ಪು ಮಾಡಿ. 'ನನಗೆ ಕಂಡಿಲ್ಲ, ತಾಳಿ' ಎನ್ನುವುದಿಲ್ಲ, ಮರ ಹತ್ತುತ್ತೇನೆ."